ಉಂಡಿ ಹಾವಿನ ತತ್ತಿಗಳು

ಸನಮ ಆ ಥರ್ಮಾಕೋಲ್ ಪೆಟ್ಟಿಗೆಯನ್ನು ಬೆಳಗಾವಿಯಿಂದ ಖಾನಾಪುರಕ್ಕೆ ತಂದ ದಿನ ಮುಂಗಾರಿನ ಮೊದಲ ದೊಡ್ಡ ಮಳೆ ಸುರಿಯುತ್ತಿತ್ತು. ಭೀಮಕ್ಕ ಬಾಗಿಲು ತೆರೆದು ನೋಡಿದರೆ ಹುಡುಗಿ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದಾಳೆ, ಪೆಟ್ಟಿಗೆ ಮಾತ್ರ ತೊಯ್ದಿಲ್ಲ. ಛತ್ರಿಯೂ ಅದರ ಮೇಲೆ, ಓಢಣಿಯೂ ಅದರ ಮೇಲೆ.

"ಮೀನ ತಂದಿಯೇನವಾ?"

"ಅಲ್ರಿ ಆಯಿ, ತತ್ತಿ. ಮ್ಯಾಲ ಇಟ್ಟು ಬಂದು ಎಲ್ಲಾ ಹೇಳ್ತೀನ್ರಿ."

ಸನಮ ಭೀಮಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಊರಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಅವಳ ತಾಯಿ ಅಮೀನಾಬೀ, ಅಣ್ಣ, ಅತ್ತಿಗೆ ಇರುವುದು ಬೆಳಗಾವಿಯ ಮಹಾಂತೇಶ ನಗರದಲ್ಲಿ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದಳು. ಭೀಮಕ್ಕನದು ಕುರಿ ಸಾಕಿದ ಮನೆತನ. ಗಂಡ ಬೀರಣ್ಣ ತೀರಿಕೊಂಡ ಮೇಲೆ ಹಿಂಡು ಹೋಗಿ, ಹಿತ್ತಿಲಲ್ಲಿ ಕೋಳಿಗಳಷ್ಟೇ ಉಳಿದಿದ್ದವು. ಮಗ ಲಕ್ಷ್ಮಣ ಗೋವಾಕ್ಕೆ ಲಾರಿ ಹೊಡೆಯುತ್ತಿದ್ದ, ವಾರದಲ್ಲಿ ಎರಡು ಸಲ ಮನೆ ಮುಟ್ಟುತ್ತಿದ್ದ.

ಬಾಡಿಗೆಯವಳು ಎಂಬ ಮಾತು ಭೀಮಕ್ಕನ ಬಾಯಲ್ಲಿ ಬರುವುದು ಯಾವಾಗಲೋ ನಿಂತುಹೋಗಿತ್ತು. ಹೋದ ವರ್ಷ ಭೀಮಕ್ಕನ ಕಣ್ಣಿನ ಪೊರೆ ತೆಗೆಸಿದಾಗ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿಬಂದು ಹನಿ ಹಾಕಿ, ಬಾಯಿಗೆ ತುತ್ತಿಡದೆ ಓಡಿಹೋಗುತ್ತಿದ್ದವಳು ಈ ಹುಡುಗಿ. ಶ್ರಾವಣ ಬಂದರೆ ಮೇಲಿನ ಕೋಣೆಯಿಂದ ಮಾಂಸದ ವಾಸನೆ ಬರುತ್ತಿರಲಿಲ್ಲ. ಭೀಮಕ್ಕ ಹೇಳಿದ್ದಿಲ್ಲ, ಅವಳು ಕೇಳಿದ್ದಿಲ್ಲ.

ಬಟ್ಟೆ ಬದಲಿಸಿಕೊಂಡು ಬಂದ ಸನಮ ಚಹಾ ಕುಡಿಯುತ್ತ ಹೇಳಿದಳು: "ಹಾವಿನ ತತ್ತಿ ಅದಾವ್ರಿ ಆಯಿ."

ಭೀಮಕ್ಕನ ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು.

"ವಿಷ ಇಲ್ರಿ. ಆಫ್ರಿಕಾದ ಹಾವು, ಬಾಲ್ ಪೈಥಾನ್ ಅಂತಾರ. ಹೆದರಿಕಿ ಆದ್ರ ಬುಸ್ ಅನ್ನೂದಿಲ್ಲ. ತಲಿ ಒಳಗ ಮುಚಗೊಂಡು ಉಂಡಿ ಆಗಿಬಿಡತಾವ."

"ಉಂಡಿ?"

"ಶೇಂಗಾ ಉಂಡಿ ಕಟ್ಟಿದಂಗ."

ಭೀಮಕ್ಕನಿಗೆ ನಗು ತಡೆಯಲಾಗಲಿಲ್ಲ. "ಹೆದರಿ ಮುದ್ದಿ ಆಗೂ ಹಾವು! ನಮ್ಮ ಲಕ್ಷ್ಮಣನ ಜಾತಿ ಬಿಡು ಹಂಗಾರ. ಹಲ್ಲಿ ಕಂಡ್ರ ಮಂಚ ಏರತಾನ."

ಸನಮ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ನಾಲ್ಕು ವರ್ಷದಿಂದ ಅವಳು ಮಹಾಂತೇಶ ನಗರದ ಮನೆಯಲ್ಲಿ ಸಾಕಿದ ಗಂಡು, ಹೆಣ್ಣು. ಎರಡೂ ಕಂದು ಮೈ, ಮೇಲೆ ಶೇಂಗಾಕಾಯಿಯ ಬಣ್ಣದ ಮಚ್ಚೆಗಳು. ಚೆಂದವೇ, ಆದರೆ ಸಾದಾ. ಆಮೇಲೆ ಬೆರಳು ಸರಿಸಿ ಇನ್ನೊಂದು ಚಿತ್ರ ತೆಗೆದಳು, ಬೇರೆ ಯಾರೋ ಸಾಕಿದ ಹಾವಿನದು. ಭೀಮಕ್ಕ ಬಾಗಿ ನೋಡಿದಳು. ಕತ್ತು ಕಂದು, ಅಲ್ಲಿಂದ ಮುಂದೆ ಒಂದು ಗೇಣು ಅಪ್ಪಟ ಬಿಳಿ, ನಡುವೆ ಕಪ್ಪು ಅಂಚಿನ ಒಂದು ಕೇಸರಿಗಂದು ತೇಪೆ, ಮತ್ತೆ ಬಿಳಿ.

"ಕೌದಿ ಹೊಲದಂಗ ಐತಲ್ಲವಾ ಇದು! ಯಾರು ಬಣ್ಣಾ ಹಚ್ಚಿದವರು?"

"ಹುಟ್ಟತಾನ ಹಂಗ ಬರತಾವ್ರಿ. ಪೈಡ್ ಅಂತಾರ ಇದಕ್ಕ. ನನ್ನ ಎರಡೂ ಹಾವಿನ ರಕ್ತದಾಗ ಈ ಬಣ್ಣ ಐತಿ, ಮೈಮ್ಯಾಲ ಕಾಣೂದಿಲ್ಲ. ಎರಡೂ ಕಡಿಂದ ಕೂಡಿ ಬಂದ್ರ ಮರಿಯೊಳಗ ಕಾಣತದ. ನಾಕರಾಗ ಒಂದು ಅಂತಾರ. ಒಂದೂ ಬರದನೂ ಇರಬಹುದ್ರಿ."

"ನಮ್ಮ ಹಿಂಡಿನಾಗೂ ಹಿಂಗ ಆಗತಿತ್ತು. ಟಗರೂ ಕರೀದು, ಕುರೀನೂ ಕರೀದು, ಮರಿ ಮಾತ್ರ ನಡಕ ಬಿಳಿ ಪಟ್ಟಾ ಸುತಗೊಂಡು ಹುಟ್ಟತಿತ್ತು. 'ಅಜ್ಜಿ ಬಂದಾಳ ನೋಡು' ಅಂತಿದ್ರು ನಮ್ಮವ್ರು." ಭೀಮಕ್ಕ ಬಸಿ ಕೆಳಗಿಟ್ಟಳು. "ಅಲ್ಲಾ, ಮನ್ಯಾಗ ಇಡೂದು ಬಿಟ್ಟು ಇಲ್ಲಿಗ್ಯಾಕ ತಂದಿ?"

ಸನಮ ಲೋಟದೊಳಗೆ ನೋಡುತ್ತ ಹೇಳಿದಳು. ಮದುವೆಯಾಗಿ ಏಳೆಂಟು ವರ್ಷಕ್ಕೆ ಅತ್ತಿಗೆ ಬಸಿರು. ಕೂಸು ಬರುವ ಮನೆಯಲ್ಲಿ ಹಾವು ಬೇಡ ಎಂದು ಅಮ್ಮಿ ಕೈ ಮುಗಿದಿದ್ದಾರೆ. ಜೋಡಿ ಹಾವುಗಳನ್ನು, ಅರಣ್ಯ ಇಲಾಖೆಗೆ ತಿಳಿಸಿ, ಹುಬ್ಬಳ್ಳಿಯ ಗೆಳತಿಗೆ ಕೊಟ್ಟಾಗಿದೆ. ಅವು ಹೊರಡುವ ಹಿಂದಿನ ದಿನ ಹೆಣ್ಣು ತತ್ತಿ ಇಟ್ಟಿತು.

"ಅವು ಹೋದ್ವು ಆಯಿ. ಇವಷ್ಟ ಉಳದಾವ ನನಗ."

ಆಮೇಲೆ ಏನೋ ನೆನಪಾಗಿ ನಕ್ಕಳು. "ಬಸ್ಸಿನಾಗ ಕಂಡಕ್ಟರ್ ಕೇಳಿದ್ರು, ಏನೈತಿ ತಂಗಿ ಅಂತ. ತತ್ತಿ ಅಂದೆ. ಏನ ತತ್ತಿ ಅಂತ ಕೇಳಲಿಲ್ಲ ಪಾಪ. ಮುಂದಿನ ಸೀಟ್ ಖಾಲಿ ಮಾಡಿಸಿ ಕೊಟ್ರು. ಡ್ರೈವರ್‌ಗೆ 'ಮಾಮಾ, ತಗ್ಗು ನೋಡಕೋತ ಹೊಡಿ, ತತ್ತಿ ಅದಾವ' ಅಂತ ಊರು ಮುಟ್ಟೂತನಕ ಹೇಳಕೋತ ಬಂದ್ರು."

ಪೆಟ್ಟಿಗೆ ಮೇಲಿನ ಕೋಣೆಯ ಮೂಲೆಯಲ್ಲಿ ನೆಲೆಯಾಯಿತು. ಒಳಗೆ ಶಾಖ ಕೊಡುವ ಪಟ್ಟಿ, ಹೊರಗೆ ಒಂದು ಸಣ್ಣ ಕೆಂಪು ದೀಪ. ಭೀಮಕ್ಕ ದಿನಾ ಸಂಜೆ ಹೋಗಿ ದೀಪ ನೋಡಿ ಬರುತ್ತಿದ್ದಳು. ಜೂನ್ ಹೋಗಿ ಜುಲೈ ಬಂತು. ನಾಗರ ಪಂಚಮಿಯ ಆಸುಪಾಸಿಗೆ ಒಡೆಯುತ್ತವೆ ಎಂದು ಸನಮ ಹೇಳಿದಾಗ ಭೀಮಕ್ಕ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. "ಹಬ್ಬದ ದಿನಾನ ನೋಡಿ ಬರಾಕತ್ತಾವ ನೋಡವಾ!"

ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಬೆಳಗಾವಿಯಿಂದ ಫೋನು ಬಂತು. ದಿನ ತುಂಬುವ ಮೊದಲೇ ಅತ್ತಿಗೆಗೆ ನೋವು ಶುರುವಾಗಿತ್ತು. ಸನಮ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು: "ಪೆಟ್ಟಿಗಿ ತೆರೀಬ್ಯಾಡ್ರಿ ಆಯಿ. ಕೆಂಪ ದೀಪ ಹತ್ತಿದ್ದಷ್ಟ ನೋಡ್ರಿ. ಆರಿದ್ರ ನನಗೊಂದು ಫೋನ್ ಹಚ್ರಿ." ಅಷ್ಟು ಹೇಳಿ ಓಡಿದಳು.

ಆ ರಾತ್ರಿ ಗಾಳಿ ಎದ್ದಿತು. ಜಾಂಬೋಟಿಯ ಕಡೆ ಮರಗಳು ತಂತಿಯ ಮೇಲೆ ಬಿದ್ದು, ಬೆಳಗಾಗುವಷ್ಟರಲ್ಲಿ ಇಡೀ ಖಾನಾಪುರದಲ್ಲಿ ಕರೆಂಟು ಇರಲಿಲ್ಲ. ಭೀಮಕ್ಕ ಮೇಲೆ ಹೋದರೆ ಕೆಂಪು ದೀಪ ಆರಿದೆ. ಮೊಬೈಲು ತೆಗೆದರೆ ಅದೂ ಸತ್ತಿದೆ, ಓಣಿಯಲ್ಲಿ ಯಾರ ಫೋನಿಗೂ ನೆಟ್‌ವರ್ಕ್ ಇಲ್ಲ. ಲಕ್ಷ್ಮಣ ಗೋವಾದಲ್ಲಿದ್ದ. ಥರ್ಮಾಕೋಲಿನ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗಾಗುತ್ತಿತ್ತು.

ಭೀಮಕ್ಕ ಯೋಚಿಸುತ್ತ ಕೂಡಲಿಲ್ಲ. ಚಳಿಗಾಲದ ಮಳೆಯಲ್ಲಿ ಹುಟ್ಟಿದ ಕುರಿಮರಿಗಳನ್ನು ಉಳಿಸಿದ ಕೈ ಅದು. ಹಂಡೆಗೆ ಉರಿ ಹಚ್ಚಿ ನೀರು ಕಾಯಿಸಿದಳು, ಬಾಟಲಿಗಳಿಗೆ ತುಂಬಿ ಹಳೆಯ ಸೀರೆಯ ತುಂಡು ಸುತ್ತಿದಳು. ಮುಂಗೈಗೆ ಹಿತವೆನಿಸುವಷ್ಟು ಬಿಸಿ ಆರಿಸಿ, ಪೆಟ್ಟಿಗೆ ತೆರೆದು ಒಳಗಿಟ್ಟು, ಮುಚ್ಚಿ, ಬೀರಣ್ಣನ ಕರಿ ಕಂಬಳಿಯನ್ನು ಸುತ್ತಲೂ ಹೊದಿಸಿದಳು.

ತೆರೆದಾಗಲೇ ತತ್ತಿಗಳನ್ನು ಮೊದಲ ಸಲ ನೋಡಿದ್ದು. ಆರು. ಸುಣ್ಣ ಬಳಿದ ಬಟಾಟೆಯ ಹಾಗೆ ಉದ್ದಕ್ಕಿದ್ದವು, ಮುಟ್ಟಿದರೆ ಎಳೆ ಚರ್ಮದ ಹಾಗೆ ಮೆತ್ತಗೆ. ಪ್ರತಿಯೊಂದರ ನೆತ್ತಿಗೂ ಪೆನ್ಸಿಲ್ಲಿನ ಒಂದು ಚುಕ್ಕೆ. ಆ ಚುಕ್ಕೆ ಭೀಮಕ್ಕನಿಗೆ ಹೊಸದಲ್ಲ. ಕಾವು ಬಿಟ್ಟೆದ್ದ ಕೋಳಿಯ ತತ್ತಿಗಳನ್ನು ಹೊಟ್ಟಿನ ಬುಟ್ಟಿಯಲ್ಲಿಟ್ಟು ಕಾಯುವಾಗ ಅವಳೂ ಇದ್ದಿಲಿನಲ್ಲಿ ಹೀಗೇ ಗುರುತು ಹಾಕುತ್ತಿದ್ದಳು. ಯಾವುದನ್ನು ಹೊರಳಿಸಿದೆ, ಯಾವುದನ್ನು ಇಲ್ಲ ಎಂದು ತಿಳಿಯಲು. ಕೋಳಿಯಾದರೆ ಕೊಕ್ಕಿನಿಂದ ತಾನೇ ಹೊರಳಿಸುತ್ತದೆ. ಈ ತಾಯಿ ಹುಬ್ಬಳ್ಳಿಯಲ್ಲಿದೆ. ಇವನ್ನು ಯಾರು ಹೊರಳಿಸಬೇಕು?

ಭೀಮಕ್ಕ ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು, ಚುಕ್ಕೆ ಕೆಳಗೆ ಬರುವಂತೆ, ಮೆಲ್ಲಗೆ ಹೊರಳಿಸಿ ಇಟ್ಟಳು. ಸಂಜೆ ಬಾಟಲಿ ಬದಲಿಸುವಾಗ ಮತ್ತೆ ಮೇಲೆ ತಂದಳು.

ಬಾಜೂ ಮನೆಯ ಕಾಡವ್ವ ಮೆಟ್ಟಿಲ ಕೆಳಗೇ ನಿಂತು ಕೂಗಿದಳು. "ಭೀಮಕ್ಕಾ, ಹಾವಿಗೆ ಬಾಣಂತನ ಮಾಡಾಕತ್ತೀ ಏನ?"

"ಮಾಡಾಕತ್ತೀನಿ. ನೀನೂ ಬಾ ಅಂಟಿನುಂಡಿ ತಗೊಂಡು."

"ನಾ ಬರೂದಿಲ್ಲಪಾ! ನಿನ್ನ ಮೊಮ್ಮಕ್ಕಳು ನಿನಗ ಇರಲಿ." ಹಾಗೆಂದವಳೇ ಅರ್ಧ ತಾಸಿನಲ್ಲಿ ತಿರುಗಿ ಬಂದು, ತನ್ನ ಅಟ್ಟದ ಮೇಲಿನ ಒಣ ಕಟ್ಟಿಗೆಯ ಒಂದು ಹೊರೆಯನ್ನು ಭೀಮಕ್ಕನ ಬಚ್ಚಲ ಬಾಗಿಲಲ್ಲಿ ಇಳಿಸಿ ಹೋದಳು. ಭೀಮಕ್ಕನ ಕಟ್ಟಿಗೆ ಮಳೆಗೆ ತೊಯ್ದಿದ್ದನ್ನು ಅವಳು ಯಾವಾಗ ನೋಡಿದ್ದಳೋ.

ಮೂರು ದಿನ ಹೀಗೆ ಹೋಯಿತು. ಭೀಮಕ್ಕ ಮೇಲಿನ ಕೋಣೆಯಲ್ಲೇ ಮಲಗಿದಳು. ನಾಲ್ಕನೆಯ ದಿನ ಮಧ್ಯಾಹ್ನ ದೀಪ ಹತ್ತಿತು. ಮೊಬೈಲು ಜೀವ ಹಿಡಿಯುತ್ತಲೇ ಬಡಿದುಕೊಳ್ಳತೊಡಗಿತು.

"ಆಯೀ! ಎಷ್ಟ ಸಲ ಫೋನ್ ಹಚ್ಚಿದೆ! ಭಾಬಿ ಆರಾಮ ಅದಾಳ್ರಿ, ಹೆಣ್ಣ ಕೂಸು. ಭಾಳ ಸಣ್ಣದೈತಿ ಅಂತ ಗಾಜಿನ ಪೆಟ್ಟಿಗಿಯೊಳಗ ಬೆಚ್ಚಗ ಇಟ್ಟಾರ. ಅಮ್ಮಿನ್ನ ಬಿಟ್ಟು ಬರಾಕ ಆಗಲಿಲ್ಲ. ಅಲ್ಲೆ ಕರೆಂಟ್ ಹೋಗಿತ್ತಂತಲ್ರಿ..." ಮುಂದೆ ಕೇಳುವ ಧೈರ್ಯ ಅವಳಿಗಾಗಲಿಲ್ಲ.

"ಇಲ್ಲೂ ಬೆಚ್ಚಗ ಅದಾವ ತಗೋ," ಎಂದಳು ಭೀಮಕ್ಕ. "ಬಿಸಿನೀರಿನ ಬಾಟಲಿ ಇಟ್ಟು, ಕಂಬಳಿ ಹೊಚ್ಚಿ ಕಾಯ್ದೀನಿ. ಒಂದ ಗಳಿಗಿ ತಣ್ಣಗಾಗಾಕ ಬಿಟ್ಟಿಲ್ಲ."

ಆ ಕಡೆ ಹುಡುಗಿ ಅಳುವುದು ಕೇಳಿಸಿತು. "ಆಯೀ, ನಿಮಗ ಏನಂತ ಹೇಳಲಿ..."

ಭೀಮಕ್ಕನಿಗೆ ಹಿಗ್ಗಾಯಿತು. "ಅಷ್ಟ ಅಲ್ಲವಾ. ದಿನಾ ಎರಡೂ ಹೊತ್ತು ತಪ್ಪದ ಹೊಳ್ಳಿಸಿ ಇಟ್ಟೀನಿ. ನಿನ್ನ ಚುಕ್ಕಿ ನೋಡಕೊಂಡ."

ಅಳು ನಿಂತಿತು. ಫೋನಿನಲ್ಲಿ ಆಸ್ಪತ್ರೆಯ ಗದ್ದಲವಷ್ಟೇ ಉಳಿಯಿತು.

"ಹಲೋ? ಸನಮಾ?"

"ಇನ್ನ ಮುಟ್ಟಬ್ಯಾಡ್ರಿ ಆಯಿ," ಎಂದಳು ಸನಮ ಬಹಳ ಮೆಲ್ಲಗೆ. "ನಾ ಬರ್ತೀನಿ."

ಮರುದಿನ ಮೊದಲ ಬಸ್ಸಿಗೆ ಬಂದಳು. ಬಂದವಳು ಭೀಮಕ್ಕನ ಕೈಗೆ ಅಮೀನಾಬೀ ಕಳಿಸಿದ ಪೇಢೆಯ ಪೊಟ್ಟಣ ಕೊಟ್ಟು, ಕೂಸಿನ ಚಿತ್ರ ತೋರಿಸಿ, ಆಮೇಲೆಯೇ ಮೇಲೆ ಹೋದಳು. ಭೀಮಕ್ಕ ಹಿಂದೆಯೇ ಹತ್ತಿ ಹೋಗಿ ಹೊಸ್ತಿಲಲ್ಲಿ ನಿಂತಳು.

"ಏನ ತಪ್ಪಾತು ಹೇಳವಾ. ನೀ ಹೇಳದಿದ್ರ ನನಗ ಊಟ ಸೇರೂದಿಲ್ಲ."

ಸನಮ ನೆಲದ ಮೇಲೆ ಕೂತು ಹೇಳಿದಳು. ಕೋಳಿಯ ತತ್ತಿಯೊಳಗೆ ಹಳದಿ ಭಂಡಾರವನ್ನು ಹಿಡಿದುಕೊಳ್ಳುವ ಎಳೆಗಳಿರುತ್ತವೆ, ಹೊರಳಿಸಿದರೆ ಮರಿ ಮತ್ತೆ ಮೇಲೆ ಬರುತ್ತದೆ. ಹಾವಿನ ತತ್ತಿಯಲ್ಲಿ ಹಾಗಿಲ್ಲ. ಮರಿ ಮೇಲಿನ ಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಮಗುಚಿದರೆ ಅದು ಅಡಿಗೆ ಬಿದ್ದು, ಮೇಲಿನ ಭಾರಕ್ಕೆ ಉಸಿರು ಕಟ್ಟಬಹುದು. ಚುಕ್ಕೆ ಇಟ್ಟದ್ದು ಹೊರಳಿಸಲಿಕ್ಕಲ್ಲ, ಹೊರಳಬಾರದೆಂದು.

ಭೀಮಕ್ಕ ತನ್ನ ಅಂಗೈ ನೋಡಿಕೊಂಡಳು. "ನನ್ನ ಕೈಯಾರೆ..."

"ಇಲ್ರಿ." ಸನಮ ಅವಳ ಕೈ ಹಿಡಿದು ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು. "ತೆರೀಬ್ಯಾಡ್ರಿ ಅಂದೆ, ಯಾಕ ಅಂತ ಹೇಳಲಿಲ್ಲ ನಾನು. ನೀವು ತೆರೀದಿದ್ರ ಮೂರು ದಿನದಾಗ ಎಲ್ಲಾನೂ ತಣ್ಣಗಾಗಿ ಹೋಗತಿದ್ವು. ಬರ್ರಿ, ಕೂಡೇ ನೋಡೂಣು."

ಬಾಗಿಲು ಮುಚ್ಚಿ, ಕತ್ತಲೆ ಮಾಡಿ, ಒಂದೊಂದು ತತ್ತಿಯ ಪಕ್ಕಕ್ಕೆ ಟಾರ್ಚು ಹಿಡಿದಳು. ಎರಡರಲ್ಲಿ ಬೆಳಕು ಮಬ್ಬಾಗಿ, ಮಣ್ಣಿನ ಬಣ್ಣಕ್ಕೆ ನಿಂತಿತು. ಸನಮ ಅವನ್ನು ಬೇರೆ ಬಟ್ಟಲಿನಲ್ಲಿಟ್ಟಳು. ಉಳಿದ ನಾಲ್ಕರಲ್ಲಿ ಕೆಂಪು ದಾರದಂಥ ನರಗಳು ಕಂಡವು. ಒಂದರಲ್ಲಿ ಏನೋ ಮಿಸುಕಿತು. ಭೀಮಕ್ಕ ತನಗರಿವಿಲ್ಲದೆ ಹುಡುಗಿಯ ತೋಳು ಹಿಡಿದುಕೊಂಡಳು.

"ಹೋದ ಎರಡರಾಗ ಆ ಬಿಳೀದು ಇತ್ತೇನ?"

"ಹಂಗೆಲ್ಲಾ ಕೇಳಬಾರದ್ರಿ," ಎಂದಳು ಸನಮ. ನಗಲು ಪ್ರಯತ್ನಿಸಿದಳು.

ಮುಂದಿನ ದಿನಗಳಲ್ಲಿ ಭೀಮಕ್ಕ ಆ ಕೋಣೆಗೆ ಕಾಲಿಡಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು "ದೀಪ ಐತೇನವಾ?" ಎಂದು ಕೇಳಿ ಇಳಿದುಬಿಡುತ್ತಿದ್ದಳು. ಅದು ಸನಮಳಿಗೆ ಅರ್ಥವಾಯಿತೋ ಏನೋ, ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೋಣೆಯ ಬೀಗದ ಕೈಯನ್ನು ಭೀಮಕ್ಕನ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. "ಮಧ್ಯಾಹ್ನ ಒಂದ ಸಲ ಮುಚ್ಚಳ ತೆರೆದು ಗಾಳಿ ಆಡಿಸ್ರಿ ಆಯಿ. ನಿಮ್ಮ ಕೈ ನನಗಿಂತ ಹಗೂರ ಐತಿ."

ಪಂಚಮಿಯ ಮುನ್ನಾದಿನ ಮೂರು ತತ್ತಿಗಳಿಗೆ ಸೀಳು ಬಿತ್ತು. ಸೀಳಿನಿಂದ ಒಂದೊಂದು ಪುಟ್ಟ ಮೂತಿ ಹೊರಬಂದು ಅಲ್ಲೇ ವಿಶ್ರಾಂತಿಗೆ ನಿಂತಿತು. ಮೂರೂ ಕಂದು, ಮೂರೂ ತಾಯಿಯ ಹಾಗೆ. ಸನಮ ಸಂತೋಷದಿಂದಲೇ ನೋಡಿದಳು, ಚಿತ್ರ ತೆಗೆದಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ನಾಲ್ಕನೆಯ ತತ್ತಿಯ ಕಡೆ ಹೋಗುವುದನ್ನು ಭೀಮಕ್ಕ ಕಂಡಳು. ಅದು ಸುಮ್ಮನೆ ಇತ್ತು.

ಪಂಚಮಿಯ ದಿನ ಈ ಮನೆಯಲ್ಲಿ ಒಲೆಯ ಮೇಲೆ ಹಂಚು ಏರುವುದಿಲ್ಲ, ನೆಲ ಅಗೆಯುವುದಿಲ್ಲ, ಯಾವುದಕ್ಕೂ ಚೂರಿ, ಕತ್ತರಿ ಹಚ್ಚುವುದಿಲ್ಲ. ನಾಗಪ್ಪ ಎಲ್ಲಿ ಇರುತ್ತಾನೋ, ಎಲ್ಲಿ ಗಾಯವಾದೀತೋ ಎಂಬ ಭಯ. ಅತ್ತೆ ಕಲಿಸಿದ್ದು, ಭೀಮಕ್ಕ ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಸನಮಳಿಗೂ ಅದು ಗೊತ್ತು. ಆ ಬೆಳಿಗ್ಗೆ ಅವಳು ಹಾಲಿನ ಪಾಕೀಟನ್ನು ಕೂಡ ಹಲ್ಲಿನಿಂದ ಕಚ್ಚಿ ತೆರೆದದ್ದನ್ನು ಭೀಮಕ್ಕ ನೋಡಿದಳು.

"ಆ ನಾಕನೇದು ಏನಾತು?"

"ಹಂಗ ಐತ್ರಿ."

"ತಾನಾ ಬರತದೇನು?"

ಸನಮ ಪಾಕೀಟು ಹಿಂಡುತ್ತಾ ನಿಂತಳು. "ಉಳಿದವು ಒಡದ ಮ್ಯಾಲ ಒಂದ ಹಿಂದ ಉಳದ್ರ, ಸಣ್ಣ ಕತ್ತರಿಯಿಂದ ಮ್ಯಾಲ ಒಂದ ಕಿಂಡಿ ಮಾಡಿ ಕೊಡ್ತಾರ್ರಿ. ಒಳಗ ದಿಕ್ಕ ತಪ್ಪಿದ್ರ ಅದಕ್ಕ ದಾರಿ ಸಿಗೂದಿಲ್ಲ. ನಾಳಿ ಮಾಡ್ತೀನಿ."

"ನಾಳಿತನಕ ಇರತದೇನು?"

"ಇರಬಹುದ್ರಿ."

ಅವಳ ದನಿಯಲ್ಲಿ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅವಳು ಕತ್ತರಿ ಮುಟ್ಟದೆ ಇದ್ದದ್ದು ಯಾರ ಸಲುವಾಗಿ ಎಂಬುದು ಭೀಮಕ್ಕನಿಗೆ ಸ್ಪಷ್ಟವಿತ್ತು. ದೇವರ ಜಗಲಿಯ ಮುಂದೆ ಹೋಗಿ ನಿಂತಳು. ಮಣ್ಣಿನ ನಾಗಪ್ಪ ಅರಿಶಿಣ ಹಚ್ಚಿಕೊಂಡು ಹೆಡೆ ಎತ್ತಿ ಕೂತಿದ್ದ. ಹೊರಳಿಸಿ ಮರಿಯ ದಿಕ್ಕು ತಪ್ಪಿಸಿದವಳು ತಾನು. ಇವತ್ತು ತನ್ನ ಹಬ್ಬದ ಮರ್ಯಾದೆಗಾಗಿ ಒಂದು ಹಾವಿನ ಮರಿ ಒಳಗೇ ಉಸಿರುಗಟ್ಟಬೇಕೆ?

ಟ್ರಂಕಿನಿಂದ ತನ್ನ ಹೊಲಿಗೆಯ ಕತ್ತರಿ ತೆಗೆದುಕೊಂಡು ಮೇಲೆ ಹೋದಳು.

"ಇದಾಗತದೇನು, ನಿಂದ ಬೇಕೇನು?"

"ಆಯೀ, ಇವತ್ತ..."

"ಇವತ್ತ ಅದರ ಹಬ್ಬ. ತಗೀ."

ಸನಮ ತನ್ನದೇ ಪುಟ್ಟ ಕತ್ತರಿಯನ್ನು ತೆಗೆದು, ಬಿಸಿನೀರಿನಲ್ಲಿ ತೊಳೆದು ಒರೆಸುವಷ್ಟರಲ್ಲಿ ಕಾಡವ್ವ ಉಂಡಿಯ ತಾಟು ಹಿಡಿದು, ಭೀಮಕ್ಕನನ್ನು ಹುಡುಕುತ್ತ, ಜೀವನದಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿ ಬಂದುಬಿಟ್ಟಿದ್ದಳು.

"ಅಯ್ಯಯ್ಯ! ಪಂಚಮಿ ದಿನ ಕತ್ತರಿ ಹಿಡದೀರಲ್ಲೇ!"

"ಪಾಪ ಬಂದ್ರ ನನಗ ಬರಲಿ," ಎಂದಳು ಭೀಮಕ್ಕ ತಿರುಗದೆ. "ನೀ ಬಾಗಲಾ ಬಿಟ್ಟು ಸರಿ, ಬೆಳಕು ಅಡ್ಡ ಆಗತೈತಿ."

ಕಾಡವ್ವ ಸರಿಯಲಿಲ್ಲ. ತಾಟನ್ನು ನೆಲಕ್ಕಿಟ್ಟಳು. ಮೋಡದ ಹಗಲು, ಕೋಣೆಯಲ್ಲಿ ಕತ್ತಲೆ. ಸನಮ ಒಂದು ಕೈಯಲ್ಲಿ ತತ್ತಿ, ಇನ್ನೊಂದರಲ್ಲಿ ಕತ್ತರಿ ಹಿಡಿದು ಟಾರ್ಚಿಗಾಗಿ ಸುತ್ತ ನೋಡುತ್ತಿದ್ದಳು. ಕಾಡವ್ವ ಎರಡು ಹೆಜ್ಜೆ ಮುಂದೆ ಬಂದು ಟಾರ್ಚು ಎತ್ತಿಕೊಂಡಳು. ಮುಖ ಆ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬೆಳಕು ಮಾತ್ರ ಸರಿಯಾಗಿ ತತ್ತಿಯ ಮೇಲೆ ಬೀಳುವಂತೆ ಹಿಡಿದು ನಿಂತಳು. ಭೀಮಕ್ಕ ಆ ಕೈಗೆ ತನ್ನ ಕೈಯ ಆಸರೆ ಕೊಟ್ಟಳು.

ಕತ್ತರಿಯ ತುದಿ ಸಿಪ್ಪೆಯ ನೆತ್ತಿಯನ್ನು ಮಾತ್ರ ಹಿಡಿಯಿತು. ಉಗುರಿನಷ್ಟು ಕಿಂಡಿ. ಒಳಗೆ ಅಂಟು ನೀರು, ಅದರ ಕೆಳಗೆ ಸುರುಳಿ. ಮೂತಿ ಕಾಣಲಿಲ್ಲ.

"ತಲಿ ತಳದಾಗ ಸಿಕ್ಕೊಂಡೈತಿ," ಎಂದು ಸನಮ ಪಿಸುಗುಟ್ಟಿದಳು. ಕಿಂಡಿಯನ್ನು ಇನ್ನೂ ಸ್ವಲ್ಪ ಅಗಲಿಸಿ, ಒದ್ದೆ ಬೆರಳ ತುದಿಯಿಂದ ಸುರುಳಿಯ ಒಂದು ಮಡಿಕೆಯನ್ನು ಮೆಲ್ಲಗೆ ಸರಿಸಿದಳು. ಸರಿದ ಮಡಿಕೆ ಬೆಳಕಿಗೆ ಬಂತು.

ಅದು ಬಿಳಿ ಇತ್ತು. ಆಗಷ್ಟೇ ತೊಳೆದ ಅಕ್ಕಿಯ ಬಿಳಿ. ಅದರ ಹಿಂದೆ ಕಪ್ಪು ಅಂಚಿನ ಒಂದು ಗಂಧದ ಬಣ್ಣದ ಮಚ್ಚೆ, ಆಮೇಲೆ ಮತ್ತೆ ಬಿಳಿ.

ಬಿಳಿ ಬಂದರೆ ಸಾಲದು, ಉಸಿರಿರಬೇಕು. ಮೂವರೂ ಬಾಗಿ ಕಾದರು. ಕಾಡವ್ವ ಯಾವಾಗಲೋ ಕಣ್ಣು ತೆರೆದಿದ್ದಳು. ಒಳಗೆ ಏನೋ ನಿಧಾನವಾಗಿ ಹೊರಳಿತು. ತಳದಿಂದ ಒಂದು ಮೂತಿ, ದಾರಿ ಹುಡುಕುತ್ತ ಹುಡುಕುತ್ತ ಮೇಲೆದ್ದು, ಕಿಂಡಿಯ ಅಂಚಿಗೆ ಗದ್ದ ಇಟ್ಟಿತು. ಎಳ್ಳಿನಂಥ ಮೂಗಿನ ಹೊಳ್ಳೆಯಲ್ಲಿ ಒಂದು ನೀರಗುಳ್ಳೆ ಎದ್ದು ಒಡೆಯಿತು. ಆಮೇಲೆ ದಾರದೆಳೆಯಂಥ ನಾಲಿಗೆ ಹೊರಬಂದು ಆಡಿತು.

"ಬಂತ್ರಿ ಆಯಿ," ಎಂದಳು ಸನಮ. ಅವಳ ಗದ್ದದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಭೀಮಕ್ಕ ತನ್ನ ಸೆರಗಿನಿಂದ ಅದನ್ನು ಒರೆಸಿ, ತನ್ನದನ್ನೂ ಒರೆಸಿಕೊಂಡಳು.

"ಏ ಇದಕ್ಕ ನಡಕ ಬಣ್ಣಾನ ಹಚ್ಚಿಲ್ಲಲ್ಲೇ ದೇವ್ರು," ಎಂದಳು ಕಾಡವ್ವ.

"ಎಲ್ಲೆ ಹಚ್ಚಬೇಕು, ಎಲ್ಲೆ ಬಿಡಬೇಕು ಅನ್ನೂದು ಅವಗ ಗೊತ್ತೈತಿ. ನೀ ಬೆಳಕು ಸರಿ ಹಿಡಿ."

"ಇನ್ನೇನ ಮಾಡಬೇಕೀಗ?"

"ಏನೂ ಇಲ್ರಿ ಕಾಕೂ," ಎಂದು ಸನಮ ನಕ್ಕಳು. "ಒಳಗಿನ ಭಂಡಾರ ಕುಡದು ಮುಗಿಸಿ, ನಾಳಿ ನಾಡಿದ್ದು ತಾನಾ ಹೊರಗ ಬರತದ. ಅಲ್ಲಿತನಕ ಸುಮ್ಮನ ಬಿಡೂದು."

ಕೆಳಗೆ ಓಣಿಯಲ್ಲಿ ಹೆಂಗಸರ ಗುಂಪು ಹುತ್ತಕ್ಕೆ ಹಾಲೆರೆಯಲು ಹೊರಟು ನಿಂತಿತ್ತು. "ಕಾಡವ್ವಾ, ಭೀಮಕ್ಕಾ, ಹೊತ್ತಾತು ಬರ್ರೇ!" ಎಂದು ಯಾರೋ ಕೂಗಿದರು.

ಕಾಡವ್ವ ಕಿಟಕಿಗೆ ಹೋಗಿ, ತುಟಿಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಹೇಳಿದಳು: "ನೀವು ನಡೀರವಾ ಮುಂದ. ನಾವು ಹಿಂದಿಂದ ಬರ್ತೀವಿ."

ಆಮೇಲೆ ತಿರುಗಿ ಬಂದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಪೆಟ್ಟಿಗೆಯ ಹತ್ತಿರ ಭೀಮಕ್ಕನ ಪಕ್ಕದಲ್ಲೇ ಕೂತಳು.